ಮಗಳ ಪಿಕಪ್ ಮತ್ತು ನನ್ನ ಒಂದು ಬಕೆಟ್ ನೀರು

ಪಿಕಪ್ ನಮ್ಮ ಮನೆಗೆ ಬಂದದ್ದು ಒಂದು ಶುಕ್ರವಾರ, ಜುಮಾ ಮುಗಿದು ನಾನು ಬಿರಿಯಾನಿಯ ಮುಚ್ಚಳ ತೆಗೆಯುವ ಹೊತ್ತಿಗೆ. ಬಂದದ್ದು ಎಂದರೆ ತಾನಾಗಿ ಓಡಿ ಬಂದದ್ದಲ್ಲ, ಅಂಗಡಿಯ ಹೊಸ ಗಾಡಿಯ ಹಿಂದೆ ಹಗ್ಗ ಕಟ್ಟಿ ಎಳೆದು ತಂದದ್ದು. ನಾನು ಎರಡನೇ ಮಹಡಿಯ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬಿಳಿ ಬಣ್ಣ ಬಿಸಿಲಿಗೆ ಹಳದಿಯಾಗಿತ್ತು, ಒಂದು ಹೆಡ್‌ಲೈಟ್ ಒಡೆದಿತ್ತು, ಹಿಂದಿನ ತೊಟ್ಟಿಯಲ್ಲಿ ನಾಲ್ಕು ಪೈಪಿನ ತುಂಡುಗಳು ಇನ್ನೂ ಉರುಳಾಡುತ್ತಿದ್ದವು. ಸ್ಟಿಯರಿಂಗ್ ಹಿಡಿದು ಕುಳಿತವಳು ನಮ್ಮ ಒಬ್ಬಳೇ ಮಗಳು. ಹದಿನೆಂಟು ತುಂಬಿ, ಲೈಸೆನ್ಸ್ ಸಿಕ್ಕಿ ಎರಡು ತಿಂಗಳಾಗಿತ್ತು. ಇನ್ನೊಬ್ಬರು ಎಳೆಯುವ ಗಾಡಿಯಲ್ಲಿ ಕುಳಿತಿದ್ದರೂ ಮುಖದಲ್ಲಿ ವಿಮಾನ ಇಳಿಸಿದವಳ ಕಳೆ ಇತ್ತು.

ನಮ್ಮ ಯಜಮಾನರು ಬಹರೈನಿನ ಮನಾಮದಲ್ಲಿ ಪೈಪು, ನಲ್ಲಿ, ನೀರಿನ ಟ್ಯಾಂಕು ಮಾರುವ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಈ ಪಿಕಪ್ ಆ ಅಂಗಡಿಯದ್ದು. ಮಗಳು ನರ್ಸರಿಗೆ ಹೋಗುವಾಗ ನಮಗೆ ಕಾರು ಇರಲಿಲ್ಲ, ಇದರಲ್ಲೇ ಅವಳನ್ನು ಬಿಟ್ಟು ಬರುತ್ತಿದ್ದರು. ಅಂಗಡಿಗೆ ಹೊಸ ಗಾಡಿ ಬಂದ ಮೇಲೆ ಇದು ಗೋಡೌನಿನ ಹಿಂದೆ ಧೂಳು ತಿನ್ನುತ್ತಾ ನಿಂತಿತ್ತು. ಕೊನೆಗೆ ಒಂದು ದಿನ ಅಂಗಡಿಯ ಮಾಲೀಕರು, ನಾವು ಅರ್ಬಾಬ್ ಎನ್ನುವವರು, ಸ್ಕ್ರ್ಯಾಪ್ ಯಾರ್ಡಿಗೆ ಕಳಿಸಿ ಎಂದರಂತೆ. ಯಜಮಾನರು ಊಟದ ಹೊತ್ತಿಗೆ ಸುಮ್ಮನೆ ಆ ಸುದ್ದಿ ಹೇಳಿದರು. ಮಗಳು ಕೈಯಲ್ಲಿದ್ದ ತುತ್ತು ಬಟ್ಟಲಿಗೆ ಹಾಕಿದಳು.

"ಉಪ್ಪಾ, ಅದನ್ನು ನನಗೆ ಕೊಡ್ಸಿ."

"ನಿನಗೆ ಪಿಕಪ್ ಎಂತಕ್ಕೆ? ಸಿಮೆಂಟ್ ಹೊರ್ಲಿಕ್ಕುಂಟಾ?"

"ಎಂತ ಹೊರ್ಬೇಕೋ ಆಮೇಲೆ ನೋಡುವಾ. ಫಸ್ಟ್ ಅದು ನಡಿಲಿ."

ಅವಳ ಹನ್ನೆರಡನೇ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಇಲ್ಲಿಯ ಕಾಲೇಜು ಶುರುವಾಗಲು ನಾಲ್ಕು ತಿಂಗಳಿತ್ತು. ಹುಡುಗಿ ಮೊಬೈಲ್ ಹಿಡಿದು ಹಾಸಿಗೆಯಲ್ಲಿ ಬಿದ್ದಿರುವುದಕ್ಕಿಂತ ಇದು ವಾಸಿ ಎಂದು ನನಗೆ ಕಂಡಿತು. ಆದರೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಆಮೇಲೆ ಎಲ್ಲವೂ ನನ್ನ ತಲೆಗೆ ಬರುತ್ತದೆ.

ಅರ್ಬಾಬ್ ಒಳ್ಳೆಯ ಮನುಷ್ಯ. ನಕ್ಕು ತೆಗೆದುಕೊಂಡು ಹೋಗಿ ಎಂದರು. ಆದರೆ ಯಜಮಾನರು ಮಗಳಿಗೆ ಒಂದು ಷರತ್ತು ಹಾಕಿದರು. ಇಲ್ಲಿ ಪ್ರತಿ ಗಾಡಿಯೂ ವರ್ಷಕ್ಕೊಮ್ಮೆ ಸರ್ಕಾರದ ತಪಾಸಣೆಗೆ ಹೋಗಬೇಕು. ನಮ್ಮವರೆಲ್ಲ ಅದನ್ನು ಪಾಸಿಂಗ್ ಎನ್ನುತ್ತಾರೆ. ಪಿಕಪ್ಪಿನ ಪಾಸಿಂಗಿಗೆ ಉಳಿದದ್ದು ಆರು ವಾರ. ಅಷ್ಟರೊಳಗೆ ಪಾಸಾದರೆ ಹೆಸರು ಬದಲಾಯಿಸಿ ಅವಳಿಗೆ. ಇಲ್ಲದಿದ್ದರೆ ಅದೇ ಹಗ್ಗ ಕಟ್ಟಿ ಸ್ಕ್ರ್ಯಾಪ್ ಯಾರ್ಡಿಗೆ. ಕಟ್ಟಡದ ಕಾವಲುಗಾರನೂ ಸತ್ತ ಗಾಡಿಯನ್ನು ಪಾರ್ಕಿಂಗಿನಲ್ಲಿ ಅದಕ್ಕಿಂತ ಹೆಚ್ಚು ದಿನ ಇಡಲು ಬಿಡುವುದಿಲ್ಲ ಎಂದಿದ್ದ.

"ಡೀಲ್," ಎಂದಳು ಮಗಳು. ಉಪ್ಪನ ಕೈ ಹಿಡಿದು ಕುಲುಕಿದಳು.

ಆ ಆರು ವಾರ ನಮ್ಮ ಮನೆಯ ನಡೆನುಡಿಯೇ ಬದಲಾಯಿತು. ಬೆಳಗಿನ ಫಜ್ರ್ ನಮಾಝಿಗೆ ನಾಲ್ಕು ಸಲ ಕರೆದರೂ ಏಳದವಳು ಈಗ ನನಗಿಂತ ಮೊದಲೇ ಎದ್ದು ಕೈಕಾಲು ಮುಖ ತೊಳೆದು ವುಝೂ ಮಾಡುತ್ತಿದ್ದಳು. ನಮಾಝ್ ಮುಗಿಸಿ, ಬಿಸಿಲು ಏರುವ ಮೊದಲು ಎರಡು ಗಂಟೆ ಪಿಕಪ್ಪಿನ ಕೆಲಸ. ಸೃಷ್ಟಿಸಿದವನು ಯಾವ ಯಾವ ದಾರಿಯಲ್ಲಿ ಮಕ್ಕಳನ್ನು ಎಬ್ಬಿಸುತ್ತಾನೋ. ನಾನು ಅದನ್ನೂ ಒಂದು ಅನುಗ್ರಹ ಎಂದೇ ಎಣಿಸಿದೆ.

ಶುಕ್ರವಾರ ಸಂಜೆ ಯಜಮಾನರು ಪಿಕಪ್ಪನ್ನು ಅಂಗಡಿಯ ಗಾಡಿಗೆ ಕಟ್ಟಿಕೊಂಡು ಅವಳನ್ನು ಸಲ್ಮಾಬಾದಿನ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಅಂಗಡಿಯ ಗಾಡಿಗಳನ್ನು ನೋಡಿಕೊಳ್ಳುವ ಒಬ್ಬ ಹಿರಿಯ ಪಾಕಿಸ್ತಾನಿ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನಮ್ಮ ಕಡೆ ಉಸ್ತಾದ್ ಎಂದರೆ ಮದರಸದಲ್ಲಿ ಕಲಿಸುವವರು. ಉಸ್ತಾದರ ಹತ್ತಿರ ಬ್ರೇಕ್ ಬಿಚ್ಚುವುದನ್ನು ಕಲಿತೆ ಎಂದು ಮಗಳು ಮೊದಲ ದಿನ ಹೇಳಿದಾಗ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆ ಮನುಷ್ಯ ಯಾವ ಕೆಲಸವನ್ನೂ ತಾನು ಮಾಡಿಕೊಡಲಿಲ್ಲ. ಸ್ಟೂಲ್ ಹಾಕಿ ಕುಳಿತು, ಚಹಾ ಕುಡಿಯುತ್ತಾ, ಅವಳ ಕೈಯಲ್ಲೇ ಮಾಡಿಸಿದರು. ಇಂಜಿನ್ನಿನ ಮೇಲಿನ ಮುಚ್ಚಳದಿಂದ ಎಣ್ಣೆ ಸೋರುತ್ತಿತ್ತು. ಅದರ ಸಂದು ಮುಚ್ಚುವ ಪಟ್ಟಿ, ಹಳೆಯ ಗ್ಯಾಸ್ಕೆಟ್, ಕೆರೆದು ತೆಗೆದು ಹೊಸದು ಕೂರಿಸಲು ಅವಳಿಗೆ ಎರಡು ಶುಕ್ರವಾರ ಹಿಡಿಯಿತು. ಮೊದಲ ಸಲ ಕೂರಿಸಿದ್ದನ್ನು ನೋಡಿ ಅವರು, "ಬೇಟಿ, ಖೋಲೊ. ಫಿರ್ ಸೆ," ಎಂದರಂತೆ. ಬಿಚ್ಚು, ಮತ್ತೆ ಮೊದಲಿಂದ ಎಂದು. ಅವಳು ಮನೆಗೆ ಬಂದು ಉರಿಮುಖ ಹಾಕಿಕೊಂಡು ಕುಳಿತಳು. ಮುಂದಿನ ವಾರ ಮತ್ತೆ ಹೋಗಿ, ಬಿಚ್ಚಿ, ಮತ್ತೆ ಕೂರಿಸಿದಳು. ಈ ಸಲ ಅವರು ತಮ್ಮ ಚಹಾದಲ್ಲಿ ಅವಳಿಗೂ ಒಂದು ಕಪ್ ತರಿಸಿದರಂತೆ. ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯ ಮಾರ್ಕು ಬಂದ ದಿನವೂ ಅವಳು ಅಷ್ಟು ಖುಷಿಪಟ್ಟದ್ದು ನಾನು ನೋಡಿಲ್ಲ.

ನಾನೂ ಸುಮ್ಮನೆ ಕುಳಿತಿರಲಿಲ್ಲ. ಸೀಟು ಹರಿದು ಒಳಗಿನ ಸ್ಪಂಜು ಹೊರಬಂದಿತ್ತು. ಹಳೆಯ ಪರದೆ ಕತ್ತರಿಸಿ, ಮೆಷಿನ್ನಿನಲ್ಲಿ ಹೊಲಿದು ಕವರು ಮಾಡಿಕೊಟ್ಟೆ. ಕಡುನೀಲಿ ಬಣ್ಣ, ಮಧ್ಯೆ ಸಣ್ಣ ಹೂವು. ಬಾಗಿಲುಗಳ ಮೇಲೆ ಅಂಗಡಿಯ ಹೆಸರಿನ ಸ್ಟಿಕ್ಕರಿತ್ತು. ಹೆಸರು ಬದಲಾಯಿಸಬೇಕಾದರೆ ಅದು ಹೋಗಬೇಕು. ಮಗಳು ಬ್ಲೇಡಿನಲ್ಲಿ ಕೆರೆದು ಕೆರೆದು ಬಣ್ಣವೇ ಏಳತೊಡಗಿತು. ನೀನು ಆಚೆ ಸರಿ ಎಂದು ನಾನು ತೆಂಗಿನೆಣ್ಣೆಯ ಬಾಟಲಿ ತಂದೆ. ಹತ್ತಿಯಲ್ಲಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಒರೆಸಿದೆ. ಅಂಟು ಸಮೇತ ಬಂತು. ಮಗಳ ತಲೆಯ ಬಬಲ್‌ಗಮ್ ತೆಗೆದವಳಿಗೆ ಇದೇನು ದೊಡ್ಡದಲ್ಲ.

"ಉಮ್ಮಾ, ನೀವು ಜೀನಿಯಸ್," ಎಂದಳು ಮಗಳು. ಯಜಮಾನರೂ ಬಾಗಿಲು ಮುಟ್ಟಿ ನೋಡಿ ಭೇಷ್ ಎಂದರು.

ನನ್ನ ತಪ್ಪಿನ ಬೇರು ಇಲ್ಲಿದೆ. ಆ ಹೊಗಳಿಕೆ ನನ್ನ ತಲೆಗೆ ಹೋಯಿತು.

ಪಾಸಿಂಗಿನ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಗಡುವಿನ ಕೊನೆಯ ದಿನ, ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ. ಅದು ತಪ್ಪಿದರೆ ಇನ್ನೊಂದು ಇರಲಿಲ್ಲ. ಬುಧವಾರ ಸಂಜೆಗೆ ಎಲ್ಲ ಮುಗಿದಿತ್ತು. ಬ್ರೇಕ್, ದೀಪ, ಹಾರ್ನ್, ಟಯರು, ಯಾವುದೂ ಬಾಕಿ ಇರಲಿಲ್ಲ. ನಂಬರ್ ಪ್ಲೇಟಿನ ಮೇಲಿನ ಸಣ್ಣ ಬಲ್ಬ್ ಒಂದು ತರಲು ಅಪ್ಪ ಮಗಳು ಹೊರಗೆ ಹೋದರು. ನಾನು ಅಸರ್ ನಮಾಝ್ ಮುಗಿಸಿ ಕೆಳಗೆ ಇಳಿದು ಪಿಕಪ್ಪನ್ನು ಒಂದು ಸುತ್ತು ಬಂದೆ. ಹೊರಗೆಲ್ಲ ಚೆನ್ನಾಗಿತ್ತು. ಬಾನೆಟ್ ಎತ್ತುವುದು ಹೇಗೆಂದು ಮಗಳು ತೋರಿಸಿಕೊಟ್ಟಿದ್ದಳು. ಎತ್ತಿದೆ. ಒಳಗೆ ಇಪ್ಪತ್ತು ವರ್ಷದ ಜಿಡ್ಡು. ಕಬ್ಬಿಣದ ಕಾವಲಿಯ ಅಡಿಯ ಹಾಗೆ ಕರ್ರಗೆ ಮೆತ್ತಿಕೊಂಡಿತ್ತು.

ನಾಳೆ ತಪಾಸಣೆಯವನು ಮೊದಲು ಎತ್ತುವುದು ಇದನ್ನೇ ಅಲ್ಲವೇ ಎಂದು ಯೋಚಿಸಿದೆ. ನೋಡಿದವನು ಈ ಹುಡುಗಿಯ ಮನೆಯಲ್ಲಿ ತಾಯಿ ಇಲ್ಲವೇ ಎಂದುಕೊಳ್ಳುವುದಿಲ್ಲವೇ. ಶುಚಿಯಾಗಿರುವುದು ನಮ್ಮ ದೀನಿನ, ಧರ್ಮದ, ಭಾಗವೆಂದು ಚಿಕ್ಕಂದಿನಿಂದ ಕಲಿತವಳು ನಾನು. ನಮಾಝಿಗೆ ನಿಲ್ಲುವ ಮೊದಲು ತೊಳೆಯುತ್ತೇವೆ, ಪಾತ್ರೆ ಒಲೆಗೆ ಏರಿಸುವ ಮೊದಲು ತೊಳೆಯುತ್ತೇವೆ. ಪರೀಕ್ಷೆಗೆ ಹೋಗುವ ಗಾಡಿಯನ್ನು ತೊಳೆಯದಿದ್ದರೆ ಹೇಗೆ. ಬಕೆಟ್ಟಿನಲ್ಲಿ ಬಿಸಿನೀರು ತಂದೆ. ಪಾತ್ರೆ ತೊಳೆಯುವ ನಿಂಬೆ ಸೋಪು, ಸ್ಟೀಲ್ ಉಜ್ಜುಗ, ಹಳೆಯ ಹಲ್ಲುಜ್ಜುವ ಬ್ರಷ್ ತಂದೆ. ಬಿಸ್ಮಿಲ್ಲಾ ಎಂದು ಶುರು ಮಾಡಿದೆ. ಒಂದು ಗಂಟೆ ಉಜ್ಜಿದೆ. ಕೊನೆಗೆ ಕಾವಲುಗಾರನ ಪೈಪು ಕೇಳಿ ತಂದು ಎಲ್ಲ ಮೂಲೆಗೂ ನೀರು ಬಿಟ್ಟೆ. ಇಂಜಿನ್ ಹೊಳೆಯಿತು. ಮಗಳಿಗೆ ಹೇಳಲಿಲ್ಲ. ಬೆಳಿಗ್ಗೆ ತಾನೇ ನೋಡಿ ಸಂತೋಷಪಡಲಿ ಎಂದು ಬಾನೆಟ್ ಮುಚ್ಚಿ ಮೇಲೆ ಬಂದೆ.

ಗುರುವಾರ ಆರೂವರೆಗೆ ಮೂವರೂ ಕೆಳಗಿಳಿದೆವು. ಯಜಮಾನರು ಪಾಸಿಂಗ್ ಮುಗಿಸಿ ನೇರ ಅಂಗಡಿಗೆ ಹೋಗಬೇಕಾದ್ದರಿಂದ ತಮ್ಮ ಕಾರು ತೆಗೆದರು. ನಾನು ಅಬಾಯ ಹಾಕಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಪಿಕಪ್ಪಿನ ಹೂವಿನ ಸೀಟಿನಲ್ಲಿ ಕುಳಿತೆ. ಮಗಳು ಕೀ ತಿರುಗಿಸಿದಳು. ಇಂಜಿನ್ ನರಳಿತು, ಹಿಡಿಯಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಮೂರನೇ ಸಲ ಕೆಮ್ಮಿ ಸುಮ್ಮನಾಯಿತು. ಅವಳು ಕೀಯಿಂದ ಕೈ ತೆಗೆದಳು.

"ಇನ್ನೊಮ್ಮೆ ನೋಡು ಮಗಾ," ಎಂದೆ.

"ಬೇಡ ಉಮ್ಮಾ. ಬ್ಯಾಟರಿ ಹೋಗ್ತದೆ. ನಿನ್ನೆ ಸರಿ ಇತ್ತಲ್ಲ, ಎಂತಾಯ್ತು ಇದಕ್ಕೆ."

ಇಳಿದು ಬಾನೆಟ್ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಬೆಳಗಿನ ಬಿಸಿಲಿನಲ್ಲಿ ಇಂಜಿನ್ ಮದುವೆಮನೆಯ ಪಾತ್ರೆಯ ಹಾಗೆ ಮಿನುಗುತ್ತಿತ್ತು. ಯಜಮಾನರೂ ಕಾರಿನಿಂದ ಇಳಿದು ಬಂದು ಇಣುಕಿದರು.

"ಇದನ್ನು ಯಾರು ತೊಳೆದದ್ದು?" ಎಂದಳು ಮಗಳು.

ಒಂದು ಕ್ಷಣ ಕಾವಲುಗಾರನ ಮೇಲೆ ಹಾಕಿಬಿಡುವಾ ಎಂದು ಶೈತಾನ್ ನನ್ನ ಕಿವಿಯಲ್ಲಿ ಹೇಳಿದ್ದು ನಿಜ. ಆದರೆ ಫಜ್ರ್ ನಮಾಝ್ ಮುಗಿಸಿ ಬಂದ ಬಾಯಲ್ಲಿ ಸುಳ್ಳು ಹೊರಡಲಿಲ್ಲ. ನಾನೇ ಎಂದೆ.

"ನೀರು ಹಾಕಿದ್ರಾ?"

"ನೀರು ಹಾಕದೆ ಹೇಗೆ ತೊಳಿಯುದು?"

ಯಜಮಾನರು ಗಂಭೀರವಾಗಿ ತಲೆ ಆಡಿಸಿದರು. "ಈಗ ಇದರಲ್ಲಿ ಗಂಜಿ ಬೇಯಿಸ್ಬಹುದು. ಪಾಸಿಂಗಿಗೆ ಬೇಡ, ಅಡುಗೆಮನೆಗೆ ತಕ್ಕೊಂಡು ಹೋಗುವಾ."

ಆರು ವಾರ ಈ ಹುಡುಗಿ ಉಗುರಿನ ಸಂದಿಯಲ್ಲಿ ಗ್ರೀಸ್ ಇಟ್ಟುಕೊಂಡು ತಿರುಗಿದ್ದಳು. ಒಂದು ಬಕೆಟ್ ನೀರಿನಲ್ಲಿ ನಾನು ಅದನ್ನೆಲ್ಲ ತೊಳೆದುಬಿಟ್ಟಿದ್ದೆ. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಫೋನ್ ತೆಗೆದು ಸಲ್ಮಾಬಾದಿನ ಉಸ್ತಾದರಿಗೆ ಮಾಡಿ ಸ್ಪೀಕರಿನಲ್ಲಿ ಇಟ್ಟಳು. ವಿಷಯ ಕೇಳಿ ಆ ಕಡೆಯಿಂದ ಸ್ವಲ್ಪ ಹೊತ್ತು ಬರೀ ನಗು.

"ಅಮ್ಮೀ ನೆ ಗುಸಲ್ ಕರಾ ದಿಯಾ?" ಎಂದರು. ತಾಯಿ ಅದಕ್ಕೆ ಸ್ನಾನ ಮಾಡಿಸಿದರಾ ಎಂದು. ಆಮೇಲೆ ಹೇಳಿದರು: ಕಪ್ಪು ಟೋಪಿಯ ಹಾಗಿರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆ, ಒಳಗೆ ಹನಿ ನೀರೂ ಇರಬಾರದು, ಪ್ಲಗ್ಗಿನ ಗುಂಡಿಗಳನ್ನೂ ಒಣಗಿಸು.

ಮಗಳು ಆಗಲೇ ಸ್ಕ್ರೂಡ್ರೈವರ್ ತೆಗೆದಿದ್ದಳು. "ಉಮ್ಮಾ, ಹೇರ್ ಡ್ರೈಯರ್ ಉಂಟಾ?"

ನನ್ನ ಹತ್ತಿರ ಎಲ್ಲಿಂದ ಬರಬೇಕು. ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಹೆಂಗಸೊಬ್ಬರು ಇದ್ದಾರೆ, ನರ್ಸ್; ನಾವು ಬಾಯಿ ಎಂದು ಕರೆಯುತ್ತೇವೆ. ಓಡಿ ಹೋಗಿ ಬಾಗಿಲು ತಟ್ಟಿದೆ. ರಾತ್ರಿ ಡ್ಯೂಟಿ ಮುಗಿಸಿ ಆಗಷ್ಟೇ ಬಂದವರು, ಯೂನಿಫಾರ್ಮಿನಲ್ಲೇ ಬಾಗಿಲು ತೆರೆದರು.

"ಎಂತ ಅಕ್ಕಾ, ಬೆಳ್ಳಂಬೆಳಿಗ್ಗೆ ಡ್ರೈಯರು? ಮದುವೆಗೆ ಹೊರಟದ್ದಾ?"

"ನನಗಲ್ಲ ಬಾಯೀ, ಗಾಡಿಗೆ."

ಅವರು ಕೇಳಿದ ಪ್ರಶ್ನೆ ಅದೊಂದೇ. ಡ್ರೈಯರ್ ಜೊತೆಗೆ ಉದ್ದದ ಎಕ್ಸ್‌ಟೆನ್ಷನ್ ವಯರನ್ನೂ ತೆಗೆದುಕೊಂಡು, ನಿದ್ದೆ ಬಿಟ್ಟು ತಾವೇ ಇಳಿದು ಬಂದರು. ಅಂಥ ನೆರೆಯವರನ್ನು ಕೊಟ್ಟದ್ದಕ್ಕೆ ನಾನು ಪ್ರತಿದಿನ ಶುಕ್ರ್ ಹೇಳಿದರೂ ಸಾಲದು. ಕಾವಲುಗಾರನ ಕೋಣೆಯಿಂದ ಕರೆಂಟ್ ಎಳೆದರು. ಬಾಯಿ ಡ್ರೈಯರ್ ಹಿಡಿದರು. ಮಗಳು ಮುಚ್ಚಳ ಬಿಚ್ಚಿ ಒಳಗೆ ಒರೆಸಿದಳು. ನಾನು ಹಳೆಯ ಲುಂಗಿಯ ತುಂಡನ್ನು ಮರದ ಸೌಟಿನ ಹಿಡಿಗೆ ಸುತ್ತಿ, ಅವಳು ತೋರಿಸಿದ ಗುಂಡಿಗೆ ಮಾತ್ರ ಇಳಿಸಿ ನೀರು ಹೀರಿಸಿದೆ. ಯಜಮಾನರು ಕೈಗಡಿಯಾರ ನೋಡುತ್ತಾ ನಿಂತರು. ನೋಡುವುದೂ ಒಂದು ಕೆಲಸವಂತೆ.

"ನಮ್ಮ ವಾರ್ಡಿನಲ್ಲಿ ಪೇಷಂಟಿಗೂ ಇಷ್ಟು ಜನ ಇರುದಿಲ್ಲ," ಎಂದರು ಬಾಯಿ.

ಏಳೂ ಇಪ್ಪತ್ತಕ್ಕೆ ಮಗಳು ಮುಚ್ಚಳ ಹಾಕಿ, ಒಳಗೆ ಕುಳಿತು ಕೀ ತಿರುಗಿಸಿದಳು. ಇಂಜಿನ್ ಎರಡು ಸಲ ಕೆಮ್ಮಿತು, ಮತ್ತೆ ಹಿಡಿಯಿತು. ಬಾಯಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ನಾನು ಅಲ್‌ಹಮ್ದುಲಿಲ್ಲಾ ಎಂದೆ. ಡ್ರೈಯರ್ ಸುತ್ತಿಕೊಳ್ಳುತ್ತಾ ಅವರು, "ಇನ್ನು ನಾನು ಮಲಗ್ತೇನೆ. ಪಾಸಾದ್ರೆ ಎಬ್ಬಿಸಿ, ಇಲ್ಲದಿದ್ರೆ ಬೇಡ," ಎಂದು ಮೇಲೆ ಹೋದರು.

ಎಂಟಕ್ಕೆ ಐದು ನಿಮಿಷ ಇರುವಾಗ ನಾವು ಸಾಲಿನಲ್ಲಿದ್ದೆವು. ಮುಂದೆ ಯಜಮಾನರ ಕಾರು ಬದಿಗೆ ನಿಂತಿತ್ತು. ತಪಾಸಣೆಯವನು ಒಬ್ಬ ಬಹರೈನಿ ತರುಣ. ಸಪೂರ ಗಡ್ಡ, ಕೈಯಲ್ಲಿ ಟಾರ್ಚು. ದೀಪ ನೋಡಿದ, ಹಾರ್ನ್ ನೋಡಿದ, ಟಯರಿನ ಮೇಲೆ ಅಚ್ಚೊತ್ತಿದ ವರ್ಷ ಓದಿದ. ಬ್ರೇಕಿನ ಯಂತ್ರದ ಮೇಲೆ ಗಾಡಿ ನಿಲ್ಲಿಸಲು ಹೇಳಿದ. ಎಲ್ಲಕ್ಕೂ ತಲೆ ಆಡಿಸಿದ. ಆಮೇಲೆ ಬಾನೆಟ್ ಎತ್ತಿಸಿದ. ಎತ್ತಿದ ಕೂಡಲೇ ಅವನ ಮುಖ ಬದಲಾಯಿತು. ಇಂಜಿನ್ ಯಾಕೆ ತೊಳೆದಿದ್ದೀರಿ ಎಂದು ಕೇಳಿದ. ಮಗಳು ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ ಏನೋ ಹೇಳಿದಳು. ಅವನು ಒಪ್ಪಲಿಲ್ಲ. ಎಣ್ಣೆ ಸೋರುವ ಗಾಡಿಯವರೇ ಹಿಂದಿನ ದಿನ ಇಂಜಿನ್ ತೊಳೆದು ತರುವುದು, ಕಲೆ ಕಾಣಬಾರದಲ್ಲ, ಎಂದ. ಗಾಡಿಯನ್ನು ಬದಿಗೆ ಹಾಕಿಸಿ, ಅಡಿಯಲ್ಲಿ ಒಂದು ರಟ್ಟು ಹಾಸಿ, ಹತ್ತು ನಿಮಿಷ ಇಂಜಿನ್ ಓಡಲಿ ಎಂದ. ಒಂದು ಹನಿ ಬಿದ್ದರೂ ಫೇಲ್.

ನನ್ನ ಒಳ್ಳೆಯತನ ಎರಡನೇ ಸಲ ಅವಳ ಕಾಲಿಗೆ ತೊಡರಿತ್ತು. ಸುಮ್ಮನೆ ಕೂರಲಾಗಲಿಲ್ಲ. ಇಳಿದು ಅವನ ಹತ್ತಿರ ಹೋದೆ. ಇಲ್ಲಿಯವರಲ್ಲಿ ಅನೇಕರಿಗೆ ಹಿಂದಿ ಬರುತ್ತದೆ.

"ಬೇಟಾ, ಉಸ್ನೆ ನಹೀ, ಮೈನೆ ಧೋಯಾ. ಕಿಚನ್ ಕಾ ಸಾಬೂನ್," ಎಂದೆ. ಅವಳಲ್ಲ, ನಾನೇ ಅಡುಗೆಮನೆಯ ಸೋಪಿನಲ್ಲಿ ತೊಳೆದದ್ದು ಎಂದು ಕೈಯಲ್ಲಿ ಉಜ್ಜಿ ತೋರಿಸಿದೆ.

ಅವನು ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದ. ಭುಜ ಅಲುಗಿತು. ಮತ್ತೆ ತಿರುಗಿ, "ಖಾಲಾ, ಯೇ ಪತೀಲಾ ನಹೀ ಹೈ," ಎಂದ. ಚಿಕ್ಕಮ್ಮಾ, ಪಾತ್ರೆಯಲ್ಲ ಇದು ಎಂದು. ಆದರೆ ರಟ್ಟು ತೆಗೆಯಲಿಲ್ಲ. ಕೆಲಸ ಕೆಲಸವೇ.

ಹತ್ತು ನಿಮಿಷ ಎಷ್ಟು ಉದ್ದ ಎಂದು ಅಂದು ಗೊತ್ತಾಯಿತು. ನಾನು ಬೆರಳ ಗೆಣ್ಣಿನಲ್ಲಿ ದೇವರ ಸ್ಮರಣೆಯ ದಿಕ್ರ್ ಎಣಿಸುತ್ತಾ ನಿಂತೆ. ಯಜಮಾನರು ತಮಾಷೆ ಮರೆತಿದ್ದರು. ಅವರ ಕಣ್ಣು ರಟ್ಟಿನ ಮೇಲಿತ್ತು. ಷರತ್ತು ಹಾಕಿದವರು ತಾವೇ ಎಂಬುದು ಆಗ ಅವರಿಗೆ ನೆನಪಿತ್ತೋ ಇಲ್ಲವೋ. ಮಗಳು ಮಾತ್ರ ಬಾನೆಟ್ಟಿನ ಅಂಚಿಗೆ ಕೈ ಇಟ್ಟುಕೊಂಡು ಇಂಜಿನ್ನಿನ ಸದ್ದು ಕೇಳುತ್ತಿದ್ದಳು.

"ಹೆದರ್ಬೇಡಿ ಉಮ್ಮಾ. ಗ್ಯಾಸ್ಕೆಟ್ ನಾನು ಎರಡು ಸಲ ಹಾಕಿದ್ದು," ಎಂದಳು.

ಒಂಬತ್ತನೇ ನಿಮಿಷಕ್ಕೆ ರಟ್ಟಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ನಾಲ್ವರೂ ಬಗ್ಗಿದೆವು. ತರುಣ ಬೆರಳಿನಲ್ಲಿ ಅದನ್ನು ಒರೆಸಿ ಟಾರ್ಚಿನ ಬೆಳಕಿಗೆ ಹಿಡಿದ. ಹೆಬ್ಬೆರಳಿಗೆ ತಿಕ್ಕಿದ. ಮೂಗಿನ ಹತ್ತಿರ ತಂದ. ಆಮೇಲೆ ಆ ಬೆರಳನ್ನು ನನ್ನ ಕಡೆಗೆ ಚಾಚಿದ. ನಿಂಬೆಯ ವಾಸನೆ. ಎಲ್ಲೋ ಮೂಲೆಯಲ್ಲಿ ಕುಳಿತಿದ್ದ ನನ್ನ ಸೋಪಿನ ನೀರು ಬಿಸಿಗೆ ಇಳಿದು ಬಂದಿತ್ತು. ಎಣ್ಣೆಯ ಪಸೆ ಇರಲಿಲ್ಲ.

ಅವನು ಟಾರ್ಚು ಹಾಕಿ ಗ್ಯಾಸ್ಕೆಟ್ಟಿನ ಅಂಚು ಸುತ್ತಲೂ ನೋಡಿದ. ಯಾರು ಹಾಕಿದ್ದು ಎಂದು ಕೇಳಿದ. ಮಗಳು ಕೈ ಎತ್ತಿದಳು. ಅವನು ಆ ಕೈಯನ್ನು, ಉಗುರಿನ ಸಂದಿಯನ್ನು ನೋಡಿದ. ಇನ್ನೇನೂ ಕೇಳದೆ ಕಾಗದಕ್ಕೆ ಮುದ್ರೆ ಹಾಕಿದ.

ಯಜಮಾನರು ಕಾಗದವನ್ನು ಮೇಲಿಂದ ಕೆಳಗೆ ಓದಿದರು, ಅರಬ್ಬಿಯ ಭಾಗವನ್ನೂ ಬಿಡದೆ. ಮಡಚಿ ಮಗಳ ಕೈಗೆ ಕೊಟ್ಟರು. ನನ್ನ ಕೈಗಲ್ಲ, ತಮ್ಮ ಜೇಬಿಗೂ ಅಲ್ಲ. "ನಿನ್ನದು ಇನ್ನು. ಇನ್ಶೂರೆನ್ಸೂ ನೀನೇ ನೆನಪಿಟ್ಕೊಳ್ಬೇಕು, ನನಗೆ ಫೋನ್ ಮಾಡ್ಬೇಡ," ಎಂದರು. ಅಷ್ಟೇ ಮಾತು. ಆದರೆ ಕಾರಿಗೆ ಹೋಗುವಾಗ ಪಿಕಪ್ಪಿನ ಬಾಗಿಲಿಗೆ ಒಂದು ಸಲ ಅಂಗೈ ತಟ್ಟಿ ಹೋದರು. ಅಂಗಡಿಗೆ ಅರ್ಧ ಗಂಟೆ ತಡವಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ತಡ ಮಾಡಿದವರಲ್ಲ.

ಮಗಳು ನನ್ನನ್ನು ಹತ್ತಿಸಿಕೊಂಡಳು. ಹೊರಡುವ ಮೊದಲು ಬೆರಳು ತೋರಿಸಿ ಹೇಳಿದಳು: "ಉಮ್ಮಾ, ಒಂದು ರೂಲ್. ಬಾನೆಟ್ಟಿನ ಹೊರಗೆ ಎಲ್ಲ ನಿಮ್ಮದು, ಎಷ್ಟು ಬೇಕಾದ್ರೂ ತೊಳೀರಿ. ಒಳಗೆ ನನ್ನ ಕಿಚನ್."

"ಆಯ್ತು ಮಾರಾಯ್ತಿ," ಎಂದೆ.

"ಈಗ ಎಲ್ಲಿಗೆ ಹೋಗುವಾ?"

ಈ ಊರಿಗೆ ಬಂದ ಇಷ್ಟು ವರ್ಷದಲ್ಲಿ ನಾನು ಹೋದದ್ದೆಲ್ಲ ಯಾರೋ ಹೋಗುವ ಕಡೆಗೆ. ಯಜಮಾನರಿಗೆ ಬಿಡುವಾದಾಗ, ದಾರಿಯಲ್ಲಿ ಸಿಕ್ಕಿದರೆ. ಅದರಲ್ಲಿ ನನಗೆ ದೂರೇನೂ ಇರಲಿಲ್ಲ. ಆದರೆ ಗಾಡಿ ಸ್ಟಾರ್ಟ್ ಮಾಡಿ, ಎಲ್ಲಿಗೆ ಎಂದು ಕೇಳಿ, ಉತ್ತರಕ್ಕೆ ಕಾದವಳು ಇವಳೇ ಮೊದಲು.

"ಮೀನು ಮಾರ್ಕೆಟಿಗೆ," ಎಂದೆ ಕೊನೆಗೆ.

ಅವಳು ನಕ್ಕಳು, ಆದರೆ ಅಲ್ಲಿಗೇ ತಿರುಗಿಸಿದಳು. ಏಸಿ ಇಲ್ಲ. ಎರಡೂ ಕಿಟಕಿ ಇಳಿಸಿದೆವು, ಬಿಸಿಗಾಳಿಗೆ ನನ್ನ ಶಾಲು ಹಾರಿತು. ಮಾರ್ಕೆಟಿನಲ್ಲಿ ಹಿಂದೆ ಮುಂದೆ ಮಾಡಿ ಮೂರನೇ ಸಲಕ್ಕೆ ಗಾಡಿ ನಿಲ್ಲಿಸಿದಳು. ಹಿಂದಿನವನು ಹಾರ್ನ್ ಹೊಡೆದದ್ದಕ್ಕೆ ತಾನೂ ಒಂದು ಹೊಡೆದಳು, ಅದು ಕೆಲಸ ಮಾಡುತ್ತದೆಂದು ತೋರಿಸಲು. ಒಳ್ಳೆಯ ಸಾಫಿ ಮೀನು ಬಂದಿತ್ತು. ನಮಗೆ ಒಂದಿಷ್ಟು, ನರ್ಸ್ ಬಾಯಿಗೆ ಒಂದಿಷ್ಟು ತೆಗೆದುಕೊಂಡೆ. ಮಂಜುಗಡ್ಡೆ ಹಾಕಿಸಿದ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳಲು ಹೊರಟವಳನ್ನು ಮಗಳು ತಡೆದು, ಹಿಂದಿನ ತೊಟ್ಟಿಯಲ್ಲಿ ಇಡಿಸಿದಳು. ಇದು ಪಿಕಪ್ಪು, ಸಾಮಾನು ಹಿಂದೆ ಎಂದಳು.

ಮನೆಗೆ ಮರಳುವ ದಾರಿಯಲ್ಲಿ ಗುಫೂಲಿನವರೆಗೂ ನಾನು ಸಿಗ್ನಲ್ಲಿಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದೆ, ಚೀಲ ಹಾರಿಹೋಗಿಲ್ಲ ತಾನೇ ಎಂದು. ಅಷ್ಟು ದೊಡ್ಡ ತೊಟ್ಟಿಯ ಮೂಲೆಯಲ್ಲಿ ಅದೊಂದೇ ಕುಳಿತಿತ್ತು.